ಅಪರೂಪದ ಕ್ಯಾನ್ಸರ್ ಮತ್ತು ಜೀನೋಮ್ ಓದಿದ ಚರಿತ್ರೆ

ಬಾಳೂರಿನ ತೋಟಗಳ ನಡುವೆ ಬೆಳೆದ ನಿಮಗೆ ಕಾಫಿ ಎಲೆಯ ತುಕ್ಕು ರೋಗವನ್ನು ಪರಿಚಯಿಸಬೇಕಾಗಿಲ್ಲ. ಎಲೆಯಡಿ ಕಿತ್ತಳೆ ಪುಡಿ ಕಂಡರೆ ಸಾಕು, ಹೆಸರು ಹೇಳಿಬಿಡುತ್ತೀರಿ. ಆದರೆ ನಮ್ಮದೇ ಜಿಲ್ಲೆಯ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರದ ಮೇನ್ ಎಂಬ ವಿಜ್ಞಾನಿ 1932ರಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಕಣ್ಣಿಗೆ ಒಂದೇ ಆಗಿ ಕಾಣುವ ತುಕ್ಕಿನಲ್ಲಿ ಬೇರೆ ಬೇರೆ ತಳಿಗಳಿವೆ. ಒಂದನ್ನು ತಡೆಯುವ ಗಿಡ ಇನ್ನೊಂದಕ್ಕೆ ಸೋಲುತ್ತದೆ. ಕ್ಯಾನ್ಸರ್ ವಿಷಯದಲ್ಲಿ ಇದೇ ಪಾಠ ಕಲಿಯಲು ವೈದ್ಯಲೋಕಕ್ಕೆ ಇನ್ನೂ ಬಹಳ ಕಾಲ ಬೇಕಾಯಿತು.

ಹಿಂದೆ ಗೆಡ್ಡೆ ಯಾವ ಅಂಗದಲ್ಲಿದೆಯೋ ಅದೇ ರೋಗದ ಹೆಸರು, ಆ ಹೆಸರಿಗೆ ತಕ್ಕ ಔಷಧಿ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರ್ ರೋಗಿಗಳಲ್ಲಿ ಗಿಡ್ಡವಾದ ವರ್ಣತಂತು ಕಂಡಿತು. 9 ಮತ್ತು 22ನೇ ವರ್ಣತಂತುಗಳು ತುಂಡು ಬದಲಾಯಿಸಿಕೊಂಡದ್ದೇ ಇದಕ್ಕೆ ಕಾರಣವೆಂದು ಜಾನೆಟ್ ರೌಲಿ 1973ರಲ್ಲಿ ತಿಳಿಸಿದರು. ಅದೇ ವರ್ಷ ಬೆಂಗಳೂರಿನಲ್ಲಿ, ನೆಹರೂ ಸಂಪುಟದ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಗಂಥಿ ಸಂಸ್ಥೆ ಆರಂಭವಾಯಿತು. ನಮ್ಮ ಮಲೆನಾಡಿನ ಬಡ ರೋಗಿಗಳಿಗೂ ಪರಿಚಿತವಾದ ಹೆಸರು ಅದು.

ಆ ತಪ್ಪು ಜೋಡಣೆಗೇ ಗುರಿಯಿಟ್ಟ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮರುವರ್ಷವೇ ಅದು ಹೊಟ್ಟೆ, ಕರುಳಿನ ಅಪರೂಪದ ಗೆಡ್ಡೆಯೊಂದಕ್ಕೂ ಮದ್ದಾಯಿತು. ಅಂಗ ಬೇರೆ, ಆದರೆ ಅಲ್ಲಿ ಕೆಟ್ಟಿದ್ದ ಜೀನ್ ಕೂಡ ಅದೇ ಮಾತ್ರೆಗೆ ಬಗ್ಗುವಂಥದ್ದು! ಭಾರತದಲ್ಲಿ ಅದರ ತಿಂಗಳ ವೆಚ್ಚ ಲಕ್ಷ ರೂಪಾಯಿ ದಾಟಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕಂಪನಿಯ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕಿದ್ದರಿಂದ ನಮ್ಮ ದೇಶದ ಅಗ್ಗದ ಮಾತ್ರೆಗಳು ಉಳಿದುಕೊಂಡವು. ನನ್ನ ದೃಷ್ಟಿಯಲ್ಲಿ ಈ ತೀರ್ಪು ಆ ಸಂಶೋಧನೆಯಷ್ಟೇ ದೊಡ್ಡದು.

ಮಾನವ ಜೀನೋಮ್ ಯೋಜನೆ 1990ರಿಂದ 2003ರವರೆಗೆ ನಡೆಯಿತು. 2010ರಲ್ಲಿ ಕೆನಡಾದ ವ್ಯಾಂಕೂವರ್ ವೈದ್ಯರು ನಾಲಿಗೆಯ ಅತ್ಯಪರೂಪದ ಕ್ಯಾನ್ಸರ್ ಇದ್ದ ವೃದ್ಧರೊಬ್ಬರ ಕಥೆ ಪ್ರಕಟಿಸಿದರು. ಆ ರೋಗಕ್ಕೆ ಸಿದ್ಧ ಚಿಕಿತ್ಸೆಯೇ ಇರಲಿಲ್ಲ. ಗೆಡ್ಡೆಯ ಜೀನೋಮ್ ಓದಿದಾಗ ರೆಟ್ ಎಂಬ ಜೀನ್ ಮಿತಿಮೀರಿ ಕೆಲಸ ಮಾಡುವುದು ಕಂಡಿತು. ಅದನ್ನು ತಡೆಯುವ, ಬೇರೆ ಕ್ಯಾನ್ಸರ್‌ಗೆಂದು ಇದ್ದ ಮಾತ್ರೆ ಕೊಟ್ಟರು. ಶ್ವಾಸಕೋಶಕ್ಕೆ ಹರಡಿದ್ದ ಗಂಟುಗಳು ಕುಗ್ಗಿದವು. ಕೆಲವು ತಿಂಗಳ ನಂತರ ರೋಗ ಮತ್ತೆ ತಲೆಯೆತ್ತಿತು ಎಂಬುದನ್ನೂ ಹೇಳಬೇಕು. ಈ ಭಾಗವನ್ನು ಬಿಟ್ಟು ಕಥೆ ಹೇಳುವವರೇ ಹೆಚ್ಚು.

2018ರಲ್ಲಿ ಅಮೆರಿಕ ಲಾರೋಟ್ರೆಕ್ಟಿನಿಬ್‌ಗೆ ಅನುಮತಿ ಕೊಟ್ಟಾಗ ಅಂಗದ ಹೆಸರನ್ನೇ ಕೇಳಲಿಲ್ಲ. ಎನ್‌ಟಿಆರ್‌ಕೆ ಜೀನ್ ಬೇರೊಂದಕ್ಕೆ ಬೆಸೆದುಕೊಂಡಿರಬೇಕು, ಅಷ್ಟೇ.

ಇಂಥ ಪರೀಕ್ಷೆಗಳು ಈಗ ಬೆಂಗಳೂರಿನಲ್ಲೇ ಆಗುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಆರಂಭಿಸಿದ ಸ್ಟ್ರಾಂಡ್ ಸಂಸ್ಥೆ ಈ ದಾರಿಯಲ್ಲಿ ಮೊದಲಿಗರಲ್ಲೊಂದು. ಅದೇ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 10,000 ಭಾರತೀಯರ ಜೀನೋಮ್ ಓದಲಾಗಿದ್ದು, 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ನಮ್ಮಲ್ಲಿ ಸಹಜವಾಗಿರುವ ವ್ಯತ್ಯಾಸವನ್ನು ರೋಗವೆಂದು ತಪ್ಪು ತಿಳಿಯದಿರಲು ಇದು ಬೇಕು.

ಪರೀಕ್ಷೆ ಮಾಡಿಸಿದವರಲ್ಲಿ ಅನೇಕರಿಗೆ ಹೊಂದುವ ಔಷಧಿ ಸಿಗುವುದಿಲ್ಲ. ಸಾಲ ಮಾಡುವ ಮೊದಲು ವೈದ್ಯರಲ್ಲಿ ಇದನ್ನು ಕೇಳಿ. ಇನ್ನೊಂದು ಮಾತು. ಬಯಾಪ್ಸಿಯ ತುಣುಕನ್ನು ಮೇಣದ ಅಚ್ಚಿನಲ್ಲಿ ಇಟ್ಟಿರುತ್ತಾರೆ. ಚಾರ್ಮಾಡಿ ಇಳಿದು ಮಂಗಳೂರಿಗೆ ಹೋದರೂ, ಬೆಂಗಳೂರಿಗೆ ಹೋದರೂ, ವರದಿಯ ಜೊತೆಗೆ ಆ ಅಚ್ಚನ್ನೂ ಕೇಳಿ ಪಡೆದು, ಬಿಸಿಲು ತಾಗದಂತೆ ಒಯ್ಯಿರಿ. ಜೀನೋಮ್ ಓದುವುದು ಅದರಿಂದಲೇ.