ಟೈಪ್ ಪರೀಕ್ಷೆ: ಆರು ದಶಕಗಳ ಕಸರತ್ತು

ಲಿಸ್ಪ್, ಸ್ಮಾಲ್‌ಟಾಕ್, ಪೈಥಾನ್‌ಗಳಂಥ ಭಾಷೆಗಳಲ್ಲಿ ಟೈಪ್ ಅಂಟಿಕೊಂಡಿರುವುದು ವೇರಿಯಬಲ್‌ಗಲ್ಲ, ಅದರಲ್ಲಿರುವ ಮೌಲ್ಯಕ್ಕೆ. ಹಾಗಾಗಿ ಎರಡು ಮೌಲ್ಯಗಳನ್ನು ಕೂಡಿಸುವ ಮೊದಲು ಅವು ಪೂರ್ಣಾಂಕಗಳೋ, ದಶಮಾಂಶ ಸಂಖ್ಯೆಗಳೋ, ಸ್ಟ್ರಿಂಗ್‌ಗಳೋ ಎಂದು ಪ್ರೋಗ್ರಾಂ ಓಡುತ್ತಿರುವಾಗಲೇ ನೋಡಬೇಕಾಗುತ್ತದೆ. ಕೂಡುವುದಕ್ಕಿಂತ ಈ ವಿಚಾರಣೆಗೇ ಹೆಚ್ಚು ಹೊತ್ತು ಹಿಡಿಯಬಹುದು. ಆ ಹೊತ್ತನ್ನು ಇಳಿಸುವ ಪ್ರಯತ್ನ ಈ ಭಾಷೆಗಳಷ್ಟೇ ಹಳೆಯದು.

ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಲಿಸ್ಪ್ ಕೆಲಸ ಆರಂಭಿಸಿದರು. ಐಬಿಎಂ 704ರ ಆ ಮೊದಲ ಲಿಸ್ಪ್‌ನಲ್ಲಿ ಒಂದು ಮೌಲ್ಯ ಪಟ್ಟಿಯೋ ಬಿಡಿ ಪದವೋ ಎಂದು ತಿಳಿಯಲು ಮೆಮೊರಿಯಲ್ಲಿ ಅದು ಇರುವ ಕಡೆಗೇ ಹೋಗಿ, ಅಲ್ಲಿ ಬರೆದಿಟ್ಟ ವಿಶೇಷ ಗುರುತನ್ನು ಓದಬೇಕಿತ್ತು. 1970ರ ದಶಕದಲ್ಲಿ ಪಿಡಿಪಿ-10 ಯಂತ್ರದ ಮ್ಯಾಕ್‌ಲಿಸ್ಪ್ ಬೇರೆ ದಾರಿ ಹಿಡಿಯಿತು. ಮೆಮೊರಿಯನ್ನು ತುಂಡುಗಳಾಗಿ ಹಂಚಿ, ಒಂದು ತುಂಡಿನಲ್ಲಿ ಒಂದೇ ಟೈಪಿನ ಮೌಲ್ಯಗಳನ್ನಿಟ್ಟಿತು. ವಿಳಾಸದ ಮೇಲಿನ ಬಿಟ್‌ಗಳನ್ನು ಹಿಡಿದು ಒಂದು ಕೋಷ್ಟಕ ನೋಡಿದರೆ ಟೈಪ್ ತಿಳಿಯುತ್ತಿತ್ತು; ಪ್ರತಿ ಮೌಲ್ಯಕ್ಕೂ ಬೇರೆ ಗುರುತು ಬೇಕಿರಲಿಲ್ಲ.

ಗುರುತನ್ನು ಪಾಯಿಂಟರ್‌ನೊಳಗೇ ಅಡಗಿಸುವುದು ಮುಂದಿನ ಹೆಜ್ಜೆ. ಝೆರಾಕ್ಸ್ ಪಾರ್ಕ್‌ನ ಸ್ಮಾಲ್‌ಟಾಕ್-80 ತನ್ನ 16 ಬಿಟ್‌ಗಳ ಪಾಯಿಂಟರ್‌ನಲ್ಲಿ ಕೊನೆಯ ಬಿಟ್ ಅನ್ನು ಇದಕ್ಕೆ ಮೀಸಲಿಟ್ಟಿತು. ಅದು 1 ಆಗಿದ್ದರೆ ಉಳಿದ 15 ಬಿಟ್‌ಗಳೇ ಪೂರ್ಣಾಂಕ. -16384ರಿಂದ 16383ರವರೆಗಿನ ಸಂಖ್ಯೆಗಳಿಗೆ ಮೆಮೊರಿಯತ್ತ ಹೋಗುವ ಅಗತ್ಯವೇ ಬೀಳಲಿಲ್ಲ. ಅದೇ ಕಾಲಕ್ಕೆ ಸಿಂಬಾಲಿಕ್ಸ್ 3600ರಂಥ ಲಿಸ್ಪ್ ಯಂತ್ರಗಳು ಈ ಹೊಣೆಯನ್ನು ಹಾರ್ಡ್‌ವೇರ್‌ಗೆ ವಹಿಸಿದವು: ಕೂಡುವ ಕೆಲಸ ಮತ್ತು ಟೈಪ್ ಪರೀಕ್ಷೆ ಜೊತೆಜೊತೆಗೇ ನಡೆಯುತ್ತಿದ್ದವು, ಟೈಪ್ ತಪ್ಪಿದ್ದರೆ ಮಾತ್ರ ಯಂತ್ರ ತಡೆದು ಸಾಫ್ಟ್‌ವೇರ್ ಅನ್ನು ಕರೆಯುತ್ತಿತ್ತು. ಆದರೆ ಸಾಮಾನ್ಯ ಪ್ರೊಸೆಸರ್‌ಗಳು ಅಗ್ಗವೂ ವೇಗವೂ ಆಗುತ್ತಾ ಹೋದಂತೆ ಈ ದುಬಾರಿ ಯಂತ್ರಗಳ ಮಾರುಕಟ್ಟೆ 1980ರ ದಶಕದ ಕೊನೆಗೆ ಕುಸಿಯಿತು.

ಗೆದ್ದದ್ದು ಊಹೆಯ ದಾರಿ. ಸ್ಮಾಲ್‌ಟಾಕ್ ಪ್ರೋಗ್ರಾಂಗಳಲ್ಲಿ ಒಂದೇ ಸಾಲು ಸಾವಿರ ಸಲ ಓಡಿದರೂ ಅಲ್ಲಿಗೆ ಬರುವ ಆಬ್ಜೆಕ್ಟ್‌ಗಳ ಕ್ಲಾಸ್ ಬದಲಾಗುವುದು ಅಪರೂಪ. ಇದನ್ನು ನೆಚ್ಚಿಕೊಂಡು ಪೀಟರ್ ಡಾಯ್ಚ್ ಮತ್ತು ಅಲನ್ ಶಿಫ್‌ಮನ್ 1984ರಲ್ಲಿ ಇನ್‌ಲೈನ್ ಕ್ಯಾಶ್ ಎಂಬ ತಂತ್ರವನ್ನು ಪ್ರಕಟಿಸಿದರು. ಹಿಂದಿನ ಸಲ ಸಿಕ್ಕ ಕ್ಲಾಸ್ ಮತ್ತು ಮೆಥಡ್ ಅನ್ನು ಕರೆಯ ಜಾಗದಲ್ಲೇ ಬರೆದಿಟ್ಟುಕೊಂಡರೆ, ಮುಂದಿನ ಸಲ ಒಂದು ಹೋಲಿಕೆಯಲ್ಲಿ ಕೆಲಸ ಮುಗಿಯುತ್ತದೆ. ಹೋಲಿಕೆ ತಪ್ಪಿದಾಗ ಮಾತ್ರ ಪೂರ್ತಿ ಹುಡುಕಾಟ.

ಡೇವಿಡ್ ಉಂಗರ್ ಮತ್ತು ರಾಂಡಲ್ ಸ್ಮಿತ್ ರೂಪಿಸಿದ ಸೆಲ್ಫ್ ಭಾಷೆಯಲ್ಲಿ ಕ್ಲಾಸ್‌ಗಳೇ ಇರಲಿಲ್ಲ. ಅದಕ್ಕಾಗಿ ಒಂದೇ ರಚನೆಯ ಆಬ್ಜೆಕ್ಟ್‌ಗಳೆಲ್ಲ ಮರೆಯಲ್ಲಿ ಒಂದು ‘ಮ್ಯಾಪ್’ ಅನ್ನು ಹಂಚಿಕೊಳ್ಳುವ ವ್ಯವಸ್ಥೆ ಬಂತು. ಮ್ಯಾಪ್ ಒಂದೇ ಆಗಿದ್ದರೆ ರಚನೆಯೂ ಒಂದೇ. ಒಂದೇ ಜಾಗಕ್ಕೆ ಹಲವು ಬಗೆಯ ಆಬ್ಜೆಕ್ಟ್‌ಗಳು ಬರುವ ಸಂದರ್ಭಕ್ಕೆ ಉರ್ಸ್ ಹೋಲ್ಜ್‌ಲೆ, ಕ್ರೇಗ್ ಚೇಂಬರ್ಸ್ ಮತ್ತು ಉಂಗರ್ 1991ರಲ್ಲಿ ಹಲವು ಉತ್ತರಗಳನ್ನು ಹಿಡಿದಿಡುವ ಕ್ಯಾಶ್ ಅನ್ನು ಮುಂದಿಟ್ಟರು. ಸೆಲ್ಫ್ ತಂಡದಲ್ಲಿದ್ದ ಲಾರ್ಸ್ ಬಾಕ್ ಮುಂದೆ ಗೂಗಲ್‌ನಲ್ಲಿ ವಿ8 ಎಂಬ ಜಾವಾಸ್ಕ್ರಿಪ್ಟ್ ಎಂಜಿನ್ ಕಟ್ಟಿದಾಗ ಇದೇ ಮ್ಯಾಪ್ ‘ಹಿಡನ್ ಕ್ಲಾಸ್’ ಹೆಸರಿನಲ್ಲಿ 2008ರಲ್ಲಿ ಕ್ರೋಮ್ ಬ್ರೌಸರ್ ಸೇರಿತು.

ಪೈಥಾನ್ ಈ ದಾರಿಗೆ ತಡವಾಗಿ ಬಂತು. ಅದರಲ್ಲಿ ಪ್ರತಿ ಆಬ್ಜೆಕ್ಟ್ ತನ್ನ ಟೈಪಿನತ್ತ ಒಂದು ಪಾಯಿಂಟರ್ ಹೊತ್ತಿರುತ್ತದೆ. ಆ ಟೈಪ್ ಇನ್ನೊಂದು ಮೂಲ ಟೈಪ್‌ನಿಂದ ಹುಟ್ಟಿದ್ದೋ ಅಲ್ಲವೋ ತಿಳಿಯಲು ಪೂರ್ವಜರ ಪಟ್ಟಿಯನ್ನು ಒಂದೊಂದಾಗಿ ಹುಡುಕಬೇಕು. 2008ರ 2.6 ಆವೃತ್ತಿ ಪೂರ್ಣಾಂಕ, ಸ್ಟ್ರಿಂಗ್, ಪಟ್ಟಿಯಂಥ ಮುಖ್ಯ ಟೈಪ್‌ಗಳಿಗೆ ತಲಾ ಒಂದು ಬಿಟ್ ಕೊಟ್ಟು, ಇಂಟರ್‌ಪ್ರಿಟರ್‌ನೊಳಗಿನ ಆ ಹುಡುಕಾಟ ತಪ್ಪಿಸಿತು. 2022ರ 3.11 ಆವೃತ್ತಿಯಲ್ಲಿ ಇಂಟರ್‌ಪ್ರಿಟರ್ ತನ್ನ ಆದೇಶಗಳನ್ನೇ ಅನುಭವದಿಂದ ತಿದ್ದಿಕೊಳ್ಳತೊಡಗಿತು. ಒಂದು ಕಡೆ ಪೂರ್ಣಾಂಕಗಳೇ ಬರುತ್ತಿದ್ದರೆ ಅಲ್ಲಿನ ಸಾಮಾನ್ಯ ಸಂಕಲನದ ಆದೇಶ ಪೂರ್ಣಾಂಕ ಸಂಕಲನದ ಆದೇಶವಾಗಿ ಮಾರ್ಪಡುತ್ತದೆ. ಟೈಪ್ ಪರೀಕ್ಷೆ ಆಗಲೂ ಉಳಿದಿರುತ್ತದೆ. ಬೇರೆ ಟೈಪ್ ಬಂದರೆ ಹಳೆಯ, ನಿಧಾನದ ದಾರಿಯೇ ಗತಿ.