ಕಿರುಬಾಯ್ಲರಿನ ಚರಿತ್ರೆ

ಕಾರ್ಖಾನೆ ಮತ್ತು ರೈಲುಮಾರ್ಗಗಳ ಉಗಿಯಂತ್ರಗಳ ಬಗ್ಗೆ ಚರಿತ್ರಕಾರರು ಬೇಕಾದಷ್ಟು ಬರೆದಿದ್ದರೂ, ಮೇಜಿನ ಮೇಲೆ ಹಿಡಿಯುವಷ್ಟು ಚಿಕ್ಕದಾದ ಮಾದರಿ ಯಂತ್ರಗಳಿಗೆ ಉಗಿ ಒದಗಿಸಿದ ಬಾಯ್ಲರುಗಳ ಕಡೆಗೆ ಅವರ ಗಮನ ಹರಿದದ್ದು ಕಡಿಮೆ. ವಾಸ್ತವದಲ್ಲಿ ಬ್ರಿಟನ್ನಿನಲ್ಲಿ ಚಲಿಸುವ ಉಗಿಬಂಡಿಯ ಕಲ್ಪನೆಯೇ ಮಾದರಿಗಳಲ್ಲಿ ಮೊದಲು ಪರೀಕ್ಷೆಗೊಳಗಾಯಿತು: ಕಾರ್ನ್‌ವಾಲ್‌ನ ರೆಡ್‌ರುತ್‌ನಲ್ಲಿ ವಿಲಿಯಂ ಮರ್ಡಾಕ್ 1784ರಲ್ಲಿ ಓಡಿಸಿದ ಮೂರು ಗಾಲಿಯ ಬಂಡಿ ಒಂದು ಆಟಿಕೆಯಷ್ಟೇ ದೊಡ್ಡದಿದ್ದು, ಅದರ ನೀರು ಸ್ಪಿರಿಟ್ ದೀಪದ ಉರಿಯಿಂದ ಕುದಿಯುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಹಿತ್ತಾಳೆಯ ಉಗಿ ಆಟಿಕೆಗಳ ಬಾಯ್ಲರ್ ಹೆಚ್ಚೆಂದರೆ ಎರಡೂ ತುದಿ ಮುಚ್ಚಿದ ಕೊಳವೆ, ಕೆಳಗೊಂದು ದೀಪ. ಉರಿ ತಗಲುವ ಲೋಹದ ಹರವು ಕಡಿಮೆಯಾದ್ದರಿಂದ ಶಾಖದ ಬಹುಪಾಲು ಗಾಳಿಗೆ ಹೋಗುತ್ತಿತ್ತು. 1898ರಲ್ಲಿ ಪರ್ಸಿವಲ್ ಮಾರ್ಷಲ್ 'ಮಾಡೆಲ್ ಎಂಜಿನಿಯರ್' ಪತ್ರಿಕೆಯನ್ನು ಆರಂಭಿಸಿದ ಮೇಲೆ ಈ ಕೆಲಸ ಹವ್ಯಾಸಿಗಳ ಕೈಗೆ ಬಂದು, ಚರ್ಚೆಯೂ ಲೆಕ್ಕಾಚಾರವೂ ಮೊದಲಾದವು. ಅದೇ ಕಾಲಕ್ಕೆ ಸೇರಿದ ಸ್ಮಿಥೀಸ್ ಬಾಯ್ಲರಿನಲ್ಲಿ ಹೊರಕವಚದೊಳಗೆ ಇನ್ನೊಂದು ಸಣ್ಣ ಪೀಪಾಯಿಯನ್ನಿಟ್ಟು, ಅದರ ತಳದಿಂದ ನೀರು ಹರಿಯುವ ತೆಳುಕೊಳವೆಗಳನ್ನು ಉರಿಯೊಳಗೆ ಇಳಿಬಿಡಲಾಗುತ್ತಿತ್ತು. ಸ್ಪಿರಿಟ್ ದೀಪಕ್ಕೆ ಇದು ಚೆನ್ನಾಗಿ ಹೊಂದಿತು.

ಕಲ್ಲಿದ್ದಲು ಮಾತ್ರ ಅಷ್ಟು ಚಿಕ್ಕ ಒಲೆಯಲ್ಲಿ ಉರಿಯಲಾರದೆಂದು ಅನೇಕರು ನಂಬಿದ್ದರು. ಆ ನಂಬಿಕೆಗೆ ಕಾರಣವಿಲ್ಲದಿರಲಿಲ್ಲ. ಯಾವುದೇ ಪಾತ್ರೆಯ ಅಳತೆಗಳನ್ನು ಅರ್ಧಕ್ಕಿಳಿಸಿದರೆ ಅದರ ಹೊರಮೈ ನಾಲ್ಕನೆಯ ಒಂದು ಭಾಗವೂ ಒಳಗಿನ ನೀರು ಎಂಟನೆಯ ಒಂದು ಭಾಗವೂ ಆಗುತ್ತದೆ. ಅಂದರೆ ನೀರಿನ ಪ್ರಮಾಣಕ್ಕೆ ಹೋಲಿಸಿದಾಗ ಶಾಖ ಸೋರುವ ಮೈ ಇಮ್ಮಡಿಯಾಗುತ್ತದೆ. ದೊಡ್ಡ ಎಂಜಿನಿನ ಹೊಗೆಕೊಳವೆಗಳನ್ನು, ಅಂದರೆ ಒಲೆಯ ಬಿಸಿ ಅನಿಲವನ್ನು ನೀರಿನ ನಡುವೆ ಹಾಯಿಸುವ ಕೊಳವೆಗಳನ್ನು, ಅದೇ ಸಂಖ್ಯೆಯಲ್ಲಿ ಕಿರಿದುಗೊಳಿಸಿದರೆ ಅವು ಮಸಿಯಿಂದ ಕಟ್ಟಿಕೊಳ್ಳುತ್ತವೆ. 'ಎಲ್‌ಬಿಎಸ್‌ಸಿ' ಎಂಬ ಕಾವ್ಯನಾಮದ ಲಿಲಿಯನ್ ಲಾರೆನ್ಸ್ ಈ ತೊಡಕಿಗೆ ಕಂಡುಕೊಂಡ ದಾರಿ ಸರಳವಾದದ್ದು: ಕೊಳವೆಗಳು ಕಡಿಮೆಯಿರಲಿ, ಆದರೆ ಅಗಲವಾಗಿರಲಿ, ಸಿಲಿಂಡರಿನಿಂದ ಹೊರಬೀಳುವ ಉಗಿಯೇ ಹೊಗೆಯನ್ನು ಸೆಳೆದು ಒಲೆಗೆ ಗಾಳಿ ಎಳೆಯಲಿ. 1922ರಿಂದ 1924ರವರೆಗೆ ನಡೆದು 'ಬಾಯ್ಲರುಗಳ ಕದನ' ಎಂದು ಹೆಸರಾದ ವಾದದಲ್ಲಿ, ಕಲ್ಲಿದ್ದಲಿನಿಂದ ನಡೆಯುವ ಅವರ ಎರಡೂವರೆ ಅಂಗುಲ ಗೇಜಿನ 'ಆಯೆಷಾ' ಎಂಜಿನು ವಯಸ್ಕರನ್ನು ಎಳೆದು ತೋರಿಸಿ ಪ್ರಶ್ನೆಯನ್ನು ಇತ್ಯರ್ಥಪಡಿಸಿತು. ಮಾದರಿ ಎಂಜಿನಿಯರಿಂಗಿನ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಫಲಪ್ರದವಾದ ಜಗಳ ಇನ್ನೊಂದಿಲ್ಲ.

ಬೆಸುಗೆಯ ವಿಚಾರವೂ ಇಷ್ಟೇ ಮಹತ್ವದ್ದು. ಚದರ ಅಂಗುಲಕ್ಕೆ 80 ಪೌಂಡು ಒತ್ತಡದ ಉಗಿಯ ಉಷ್ಣತೆ ಸುಮಾರು 162 ಡಿಗ್ರಿ ಸೆಲ್ಸಿಯಸ್. ತವರ–ಸೀಸದ ಮೆದು ಬೆಸುಗೆ ಕರಗಲಾರಂಭಿಸುವುದು ಸುಮಾರು 183ರಲ್ಲಿ. ನೀರು ತುಸು ಇಳಿದು ಲೋಹ ಬರಿದಾದರೆ ಈ ಅಲ್ಪ ಅಂತರ ಅಳಿಯುತ್ತದೆ. ಆದ್ದರಿಂದ 600 ಡಿಗ್ರಿಗೂ ಮೇಲೆ ಕರಗುವ ಬೆಳ್ಳಿ ಬೆಸುಗೆ ಕಿರುಬಾಯ್ಲರಿನ ಮುಖ್ಯ ವಿಧಾನವಾಯಿತು. ಶಾಖವನ್ನು ಬೇಗ ಸಾಗಿಸುವ, ತುಕ್ಕು ಹಿಡಿಯದ ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ಮೆದುಗೊಳಿಸಿ, ಅಚ್ಚಿನ ಮೇಲೆ ಅಂಚು ಬಗ್ಗಿಸಿ, ದುರ್ಬಲ ಗಂಧಕಾಮ್ಲದಲ್ಲಿ ತೊಳೆದು, ಬಿಳಿಗಾರದಂಥ ದ್ರಾವಕ ಸವರಿ ಬೆಸೆಯಲಾಗುತ್ತದೆ. ದುಂಡನೆಯ ಭಾಗ ಒತ್ತಡವನ್ನು ತಾನೇ ತಾಳುತ್ತದೆ. ಚಪ್ಪಟೆ ಭಾಗಗಳು ಉಬ್ಬದಂತೆ ಎದುರುಬದುರಿನ ತಗಡುಗಳನ್ನು ಸ್ಟೇ ಎಂಬ ಸರಳುಗಳಿಂದ ಬಿಗಿಯಬೇಕು.

ಸಿದ್ಧವಾದ ಬಾಯ್ಲರಿಗೆ ಮೊದಲು ಉಗಿಯಲ್ಲ, ತಣ್ಣೀರು ತುಂಬಿ ಪಂಪಿನಿಂದ ಒತ್ತಡ ಏರಿಸಲಾಗುತ್ತದೆ. ನೀರು ಹೆಚ್ಚು ಕುಗ್ಗದ್ದರಿಂದ, ಜೋಡಣೆ ಬಿಟ್ಟರೂ ಸೋರುವುದಲ್ಲದೆ ಸಿಡಿಯುವುದಿಲ್ಲ. ಕೆಲಸದ ಒತ್ತಡದ ಇಮ್ಮಡಿಯನ್ನು ಹೀಗೆ ತಾಳದ ಹೊಸ ಬಾಯ್ಲರಿಗೆ ಉರಿ ಹಚ್ಚುವಂತಿಲ್ಲ ಎಂಬುದು ಬ್ರಿಟನ್ನಿನ ಮಾದರಿ ಎಂಜಿನಿಯರುಗಳ ಸಂಘಗಳಲ್ಲಿ ಇಂದಿಗೂ ನಡೆದುಬಂದಿರುವ ನಿಯಮ.