ಏಳು ಜನ, 64 ಮಗ್ಗ

1952ರಲ್ಲಿ ಅಹಮದಾಬಾದಿನ ಜುಬಿಲಿ ಮಿಲ್ಲಿಗೆ ಸ್ವಯಂಚಾಲಿತ ಮಗ್ಗಗಳು ಬಂದವು. ಹಾಸಿನ ಎಳೆ ಹರಿದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಹೊಕ್ಕಿನ ನೂಲು ಮುಗಿದರೆ ಹೊಸ ಬಾಬಿನ್ ತಾನಾಗಿ ಬಂದು ಕೂರುತ್ತಿತ್ತು. ಉತ್ಪಾದನೆ ಜಾಸ್ತಿಯಾಗುತ್ತದೆ ಎಂದು ಎಲ್ಲರೂ ಕಾದರು. ಆಗಲಿಲ್ಲ. ಬಟ್ಟೆಯ ಗುಣಮಟ್ಟವೂ ಸುಧಾರಿಸಲಿಲ್ಲ.

ಈ ಮಿಲ್ಲು ಸಾರಾಭಾಯಿ ಕುಟುಂಬದ ಕ್ಯಾಲಿಕೊ ಮಿಲ್ಸ್ ಸಂಸ್ಥೆಗೆ ಸೇರಿದ್ದು. ಮಾಲೀಕರು ಮತ್ತು ಕಾರ್ಮಿಕರ ನಡುವಿನ ಸಂಬಂಧದ ಬಗ್ಗೆ ಆ ಊರು ಮೊದಲೇ ಸಾಕಷ್ಟು ಯೋಚಿಸಿತ್ತು. 1918ರ ಮುಷ್ಕರದಲ್ಲಿ ಗಾಂಧೀಜಿ ಕಾರ್ಮಿಕರ ಪರ ಉಪವಾಸ ಕೂತಿದ್ದರು. ಅವರ ಜತೆ ಅನಸೂಯಾ ಸಾರಾಭಾಯಿ, ಎದುರು ಪಾಳಯದಲ್ಲಿ ಆಕೆಯ ತಮ್ಮ ಅಂಬಾಲಾಲ್. ಅಲ್ಲಿಂದ ಹುಟ್ಟಿದ ಮಜೂರ್ ಮಹಾಜನ್ ಸಂಘ ಕೂಲಿಯ ಜಗಳಗಳನ್ನು ಪಂಚಾಯಿತಿಯಿಂದ ಬಗೆಹರಿಸುವ ದಾರಿ ಹಿಡಿಯಿತು. ಆದರೆ ಹೊಸ ಮಗ್ಗದ ಶೆಡ್ಡಿನಲ್ಲಿ ಎದ್ದದ್ದು ಕೂಲಿಯ ಪ್ರಶ್ನೆ ಅಲ್ಲ. ಯಾರೂ ಮುಷ್ಕರ ಹೂಡಿರಲಿಲ್ಲ. ಕೆಲಸ ಮಾತ್ರ ಸಾಗುತ್ತಿರಲಿಲ್ಲ.

1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯಿಂದ ಎ.ಕೆ. ರೈಸ್ ಬಂದರು. ಅದೇ ಸಂಸ್ಥೆಯ ಎರಿಕ್ ಟ್ರಿಸ್ಟ್, ಮೊದಲು ಗಣಿ ಕೆಲಸ ಮಾಡಿದ್ದ ಕೆನ್ ಬ್ಯಾಮ್‌ಫೋರ್ತ್ ಜತೆಗೂಡಿ, ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಬಗ್ಗೆ 1951ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಹೊಸ ಯಂತ್ರಗಳು ಬಂದಾಗ ಹಳೆಯ ಸಣ್ಣ ಗುಂಪುಗಳು ಒಡೆದುಹೋದವು, ಒಬ್ಬರ ಕೆಲಸಕ್ಕೂ ಇನ್ನೊಬ್ಬರ ಕೆಲಸಕ್ಕೂ ಕೊಂಡಿ ತಪ್ಪಿತು ಎಂಬುದು ಅವರು ಕಂಡ ಸಂಗತಿ. ರೈಸ್ ಅದೇ ಕಣ್ಣಿನಿಂದ ಮಗ್ಗದ ಶೆಡ್ಡನ್ನು ನೋಡಿದರು.

ಅಲ್ಲಿ 224 ಮಗ್ಗ, 29 ಜನ, ಹನ್ನೆರಡು ಬಗೆಯ ಕೆಲಸ. ನೇಕಾರನ ಪಾಲಿಗೆ 24 ಅಥವಾ 32 ಮಗ್ಗ. ಬಾಬಿನ್ ತುಂಬುವವನಿಗೆ 40ರಿಂದ 50. ಒಟ್ಟಿಗೆ ಹರಿದ ಎಳೆಗಳನ್ನು ಕಟ್ಟುವವನಿಗೆ 60ರಿಂದ 80. ಎಣ್ಣೆ ಹಾಕುವವನಿಗೆ, ಕಸ ಗುಡಿಸುವವನಿಗೆ ಇಡೀ ಶೆಡ್ಡು. ಒಬ್ಬೊಬ್ಬರೂ ಎಷ್ಟು ಕೆಲಸ ಮಾಡಬಲ್ಲರು ಎಂದು ಬೇರೆಬೇರೆಯಾಗಿ ಅಳೆದು ಮಾಡಿದ ಹಂಚಿಕೆ ಅದು. ಕಾಗದದ ಮೇಲೆ ಸರಿಯಾಗಿಯೇ ಇತ್ತು. ಆದರೆ ಈ ಗೆರೆಗಳು ಒಂದರ ಮೇಲೊಂದು ಕೂಡುತ್ತಿರಲಿಲ್ಲ. ರೈಸ್ ಲೆಕ್ಕದಲ್ಲಿ, ಸುಮಾರು ಮೂವತ್ತು ಮಗ್ಗ ನೋಡುವ ನೇಕಾರನಿಗೆ ಸಿಗುತ್ತಿದ್ದುದು ಒಬ್ಬ ಬಾಬಿನ್ ತುಂಬುವವನ ಎಂಟರಲ್ಲಿ ಐದು ಪಾಲು, ಎಳೆ ಕಟ್ಟುವವನ ಎಂಟರಲ್ಲಿ ಮೂರು ಪಾಲು. ಮಗ್ಗ ನಿಂತಾಗ ನೇಕಾರ ಯಾರನ್ನು ಕೂಗಬೇಕು? ಕೂಗಿದವನು ಆಗ ಇನ್ನೊಬ್ಬ ನೇಕಾರನ ಬಳಿ ಇರುತ್ತಿದ್ದ. ತಪ್ಪು ಯಾರದೆಂದು ಹೇಳುವುದಕ್ಕೂ ಆಗುತ್ತಿರಲಿಲ್ಲ.

ಕ್ಯಾಲಿಕೊ ಮುಖ್ಯಸ್ಥ ಗೌತಮ್ ಸಾರಾಭಾಯಿ ಮತ್ತು ಅಧಿಕಾರಿಗಳ ಮುಂದೆ ರೈಸ್ ಒಂದು ಯೋಚನೆ ಇಟ್ಟರು. ಶೆಡ್ಡನ್ನು ಕೆಲಸದ ಬಗೆಯಿಂದ ಒಡೆಯುವ ಬದಲು ಮಗ್ಗಗಳಿಂದಲೇ ಭಾಗ ಮಾಡಬೇಕು. 64 ಮಗ್ಗ, ಏಳು ಜನರ ಗುಂಪು. ಆ ಮಗ್ಗಗಳ ಸಮಸ್ತ ಜವಾಬ್ದಾರಿ ಆ ಗುಂಪಿನದು. ಒಳಗೆ ಯಾರು ಯಾವಾಗ ಏನು ಮಾಡಬೇಕು ಎಂಬುದನ್ನು ಅವರೇ ನಿರ್ಧರಿಸಲಿ.

ಮುಂದಿನದನ್ನು ರೈಸ್ ಕೂಡ ನಿರೀಕ್ಷಿಸಿರಲಿಲ್ಲ. ಮೇಲಿನವರು ಯೋಜನೆ ಪೂರ್ತಿ ಮಾಡುವ ಮೊದಲೇ ಸುದ್ದಿ ಶೆಡ್ಡಿಗೆ ಇಳಿದು, ಕಾರ್ಮಿಕರೂ ಮೇಲ್ವಿಚಾರಕರೂ ತಾವೇ ಸೇರಿ ಗುಂಪು ಕಟ್ಟಿಕೊಂಡರು. ಯಾರ ಜತೆ ಯಾರು ಹೊಂದುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಆರಂಭದಲ್ಲಿ ಏರುಪೇರು ಆದರೂ ಕ್ರಮೇಣ ಕೆಲಸ ಹದಕ್ಕೆ ಬಂತು. ರೈಸ್ ಕೊಟ್ಟ ಅಂಕಿಗಳ ಪ್ರಕಾರ, ಮಗ್ಗಗಳ ದಕ್ಷತೆ ಶೇ. 80ರಿಂದ 95ಕ್ಕೆ ಏರಿತು. ಹಾಳಾಗುವ ಬಟ್ಟೆ ಶೇ. 32ರಿಂದ 20ಕ್ಕೆ ಇಳಿಯಿತು.

ಕಾರ್ಮಿಕರ ಸಂಪಾದನೆಯೂ ಹೆಚ್ಚಾಯಿತು. ಹಾಗಾಗಿ, ಗುಂಪಿಗಿಂತ ಹಣವೇ ಈ ಬದಲಾವಣೆಗೆ ಕಾರಣ ಎಂದು ಆಮೇಲೆ ವಾದಿಸಿದವರೂ ಇದ್ದಾರೆ. ಆ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಗುಂಪುಗಳು ಕಟ್ಟಿಕೊಂಡದ್ದು ಹೆಚ್ಚಿನ ಹಣ ಕೈಗೆ ಬರುವ ಮೊದಲು.

1958ರಲ್ಲಿ ರೈಸ್ ಬರೆದ ಪುಸ್ತಕ ಬಂತು. ಸಾಮಾನ್ಯವಾಗಿ ಇಂಥ ಯಶಸ್ಸಿನ ಕಥೆಗಳು ಅಲ್ಲಿಗೆ ನಿಲ್ಲುತ್ತವೆ. ಇದು ನಿಲ್ಲಲಿಲ್ಲ. 1970ರಲ್ಲಿ ಟ್ಯಾವಿಸ್ಟಾಕ್‌ನ ಎರಿಕ್ ಮಿಲ್ಲರ್ ಮತ್ತೆ ಆ ಶೆಡ್ಡುಗಳನ್ನು ನೋಡಲು ಬಂದರು. ಒಂದು ಶೆಡ್ಡಿನಲ್ಲಿ ಗುಂಪಿನ ಪದ್ಧತಿ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಉಳಿದ ಕಡೆ ಸವೆದುಹೋಗಿತ್ತು. ಕಾರ್ಮಿಕರಿಗೆ ಬೇಸರವಾಗಿ ಬಿಟ್ಟದ್ದಲ್ಲ. ಮಾರುಕಟ್ಟೆ ಬದಲಾಗಿ, ನೇಯುವ ಬಟ್ಟೆ ಬದಲಾಗಿ ಒತ್ತಡ ಬಂದಾಗ ಮೇಲಿನವರು ಗುಂಪಿನೊಳಕ್ಕೆ ಕೈ ಹಾಕಿದ್ದರು. ಕೆಲಸಗಳನ್ನು ಮತ್ತೆ ಬಿಡಿಬಿಡಿಯಾಗಿ ಹಂಚಿದ್ದರು.

ಗುಂಪು ತನ್ನ ಕೆಲಸವನ್ನು ತಾನೇ ನಡೆಸಬಲ್ಲದು. ಆದರೆ ನೂಲು ಹೊತ್ತಿಗೆ ಬರುವುದು, ಒಳ್ಳೆಯ ನೂಲೇ ಬರುವುದು, ಜನರನ್ನು ನಡುವೆ ಎಳೆದು ಬೇರೆಡೆ ಹಾಕದಿರುವುದು ಗುಂಪಿನ ಕೈಯಲ್ಲಿಲ್ಲ. ಅದನ್ನು ಕಾಯುವುದೇ ಆಡಳಿತದ ಕೆಲಸ. ಅಹಮದಾಬಾದಿನಲ್ಲಿ ಮೊದಲನೆಯದು ಬೇಗ ಸಾಧ್ಯವಾಯಿತು, ಎರಡನೆಯದು ಹೆಚ್ಚಿನ ಕಡೆ ಉಳಿಯಲಿಲ್ಲ.

1990ರ ದಶಕದಲ್ಲಿ ಕ್ಯಾಲಿಕೊ ಮುಚ್ಚಿತು. ಅದರ ಹೆಸರಿನ ವಸ್ತ್ರ ಸಂಗ್ರಹಾಲಯ ಇನ್ನೂ ಇದೆ. ಸ್ವಯಂ ನಿರ್ವಹಣೆಯ ತಂಡ ಎಂಬ ಮಾತು ಈಗ ಪುಣೆ, ಹೈದರಾಬಾದಿನ ಕಚೇರಿಗಳಲ್ಲಿ ಹೊಸದೆಂಬಂತೆ ಕೇಳಿಬರುತ್ತದೆ. ತಂಡಗಳೇನೋ ಆಗುತ್ತವೆ. ಒತ್ತಡ ಬಂದ ದಿನ ಮ್ಯಾನೇಜರು ಏನು ಮಾಡುತ್ತಾರೆ ಎಂಬ ಪ್ರಶ್ನೆ ಮಾತ್ರ 1970ರಲ್ಲಿ ಇದ್ದಲ್ಲೇ ಇದೆ.